ಸರತಿ ಬಾರದ ಚೀಟಿ

ಇಳಕಲ್ಲಿನ ಮಹಾನಂದಾಳ ಬಗ್ಗೆ ಅವಳ ಓಣಿಯಲ್ಲಿ ಯಾರನ್ನು ಕೇಳಿದರೂ ಮೊದಲು ಬರುವ ಮಾತು ಒಂದೇ: ಹಿಡಿದದ್ದು ಬಿಡುವವಳಲ್ಲ. ಹೇಳುವ ಧಾಟಿಯಲ್ಲಿ ಅರ್ಧ ಬೈಗುಳ, ಅರ್ಧ ಹೆಮ್ಮೆ. ನೇಕಾರರ ಮನೆಯ ಹುಡುಗಿ ಕಂಡಿಕೆಗೆ ನೂಲು ಸುತ್ತಬೇಕು, ಸೆರಗು ಜೋಡಿಸುವುದು ಕಲಿಯಬೇಕು, ಒಳ್ಳೆಯ ಮಗ್ಗದ ಮನೆ ನೋಡಿ ಲಗ್ನವಾಗಬೇಕು ಎಂಬುದು ಊರು ಹಾಕಿದ ಲೆಕ್ಕ. ಇವಳು ಮೊದಲಿನವೆರಡನ್ನು ಕಲಿತು ಮೂರನೆಯದನ್ನು ಅಲ್ಲಿಗೇ ಬಿಟ್ಟಳು. ತೊಂಬತ್ತೆಂಟರಲ್ಲಿ ಬಿ.ಕಾಂ. ಮುಗಿದದ್ದೇ ತಡ, ದಿನಾ ಹುನಗುಂದದ ಬಸ್ಸು ಹತ್ತಿ ಕಂಪ್ಯೂಟರ್ ಕಲಿಯಲು ಹೊರಟಳು. ಅಲ್ಲಿ ಕರೆಂಟು ಇದ್ದಾಗ ಮಾಸ್ತರ ಇರುತ್ತಿರಲಿಲ್ಲ, ಮಾಸ್ತರ ಇದ್ದಾಗ ಕರೆಂಟು ಇರುತ್ತಿರಲಿಲ್ಲ. ಆದರೂ ಕಲಿತಳು.

ಅಪ್ಪ ಅವಳು ಸಾಲೆಯಲ್ಲಿದ್ದಾಗಲೇ ತೀರಿಹೋಗಿದ್ದ. ಅಂದಿನಿಂದ ಮನೆಯ ಕುಣಿ ಮಗ್ಗಕ್ಕೆ ಇಳಿದವಳು ಅವ್ವ ಚಂದ್ರವ್ವ. ಓಣಿಯ ಹೆಂಗಸರು "ಹುಡುಗಿ ಕೈ ಬಿಟ್ಟ ಹೊಂಟಾಳ ನೋಡವಾ" ಎಂದರೆ, "ಹೋಗಲಿ ಬಿಡ್ರಿ, ಬಸ್ಸಿನ ರೊಕ್ಕ ನಿಮ್ಮ ಮನಿಯಿಂದ ಹೋಗತೈತೇನು?" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಮಗಳ ಹಟ ಎಲ್ಲಿಂದ ಬಂತೆಂದು ಬೇರೆ ಹೇಳಬೇಕಾಗಿಲ್ಲ.

ಬಾಗಲಕೋಟೆಯ ನವನಗರದಲ್ಲಿ ಕೆಲವು ವರ್ಷ ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳಿ, ಪ್ರೋಗ್ರಾಂ ಬರೆಯುವುದರಲ್ಲಿ ಕೈ ಕುದುರಿದ ಮೇಲೆ ಅವಳಿಗೆ ಶಿರೀಷನ ಪರಿಚಯವಾಯಿತು. ಶಿರೀಷ ಅದೇ ಊರಿನವನು. ಪುಣೆಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ದುಡಿದು ಬೇಸತ್ತು ವಾಪಸು ಬಂದಿದ್ದ. ಸೋದರತ್ತೆ ಮಥುರಾಬಾಯಿಯ ಮನೆಯ ಮುಂದಿನ ಕೋಣೆಯಲ್ಲಿ ತನ್ನದೇ ಸಣ್ಣ ಕಂಪನಿ ತೆರೆದಿದ್ದ. ಎರಡು ಸಾವಿರದ ನಾಲ್ಕರಲ್ಲಿ ಮಹಾನಂದಾ ಅವನ ಜೊತೆ ಪಾಲುದಾರಳಾದಳು. ಅಂಗಡಿಗಳಿಗೆ, ಗೋದಾಮುಗಳಿಗೆ, ಒಂದೆರಡು ಸಾಲೆಗಳಿಗೆ ಬೇಕಾದ ಪ್ರೋಗ್ರಾಂ ಮಾಡಿಕೊಡುವ ಕೆಲಸ.

ಶಿರೀಷ ಪುಣೆಯಿಂದ ತಂದದ್ದು ಒಂದು ಪದ್ಧತಿ. ಎಲ್ಲ ಕೆಲಸವನ್ನೂ ಗುಡ್ಡೆ ಹಾಕಿಕೊಂಡು ವರ್ಷದ ಕೊನೆಗೆ ಗಿರಾಕಿಗೆ ತೋರಿಸುವುದಲ್ಲ. ಹದಿನೈದು ದಿನಕ್ಕೊಂದು ಪಾಳಿ, ಪಾಳಿಗೊಮ್ಮೆ ಏನಾದರೂ ಮುಗಿದ ಕೆಲಸ ಗಿರಾಕಿಯ ಕೈಗೆ. ಅವರು ನೋಡಿ ಹೇಳಿದಂತೆ ಮುಂದಿನ ಪಾಳಿ ಗೊತ್ತು ಮಾಡುವುದು. ಬೇಕಾದ ಒಂದೊಂದು ಕೆಲಸವನ್ನು ಒಂದೊಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸುವುದು. ಎಲ್ಲಕ್ಕಿಂತ ಮೇಲಿನ ಚೀಟಿಯ ಕೆಲಸ ಮೊದಲು. ಮಹಾನಂದಾಳಿಗೆ ಇದು ಕೂಡಲೇ ಹಿಡಿಸಿತು. ಒಂದು ಸೀರೆ ನೇಯ್ದು ಮುಗಿಸಿ, ಇಳಿಸಿ, ಆಮೇಲೆ ಇನ್ನೊಂದಕ್ಕೆ ಕೈ ಹಾಕುವ ಮನೆಯಲ್ಲಿ ಬೆಳೆದವಳು ಅವಳು.

ಇನ್ನೊಂದು ಪದ್ಧತಿಯೂ ಇತ್ತು. ಬೆಳಿಗ್ಗೆ ಇಬ್ಬರೂ ನಿಂತುಕೊಂಡೇ ಆ ದಿನದ ಕೆಲಸ ಮಾತಾಡಿ ಮುಗಿಸುವುದು. ಮಥುರಾಬಾಯಿ ಕಿಟಕಿಯಿಂದ ನಾಲ್ಕು ದಿನ ನೋಡಿದಳು. ಐದನೆಯ ದಿನ ಒಳಗಿನಿಂದ ಎರಡು ಕುರ್ಚಿ ತಾನೇ ಹೊತ್ತು ತಂದಳು. "ಕೂಡಲಿಕ್ಕೆ ಕುರ್ಚಿ ಇಲ್ಲಂತ ಹೇಳಬಾರದೇನೋ ಶಿರೀಷಾ? ಮಂದಿ ಏನಂದಾರು?"

"ಕೂತ್ರ ಮಾತು ಉದ್ದ ಆಗ್ತದ ಅತ್ಯಾ, ಅದಕ್ಕ ನಿಂತೀವಿ."

"ನಿಂತ್ರ ಮಾತು ಲಗೂ ಮುಗೀತದ ಅಂತ ಯಾರ ಹೇಳ್ಯಾರ ನಿನಗ? ನಳದ ಮುಂದ ನೀರಿಗೆ ನಿಂತವರನ್ನ ಬಂದು ನೋಡು," ಎಂದು ಆಕೆ ಕುರ್ಚಿ ಅಲ್ಲೇ ಬಿಟ್ಟು ಹೋದಳು.

ಎರಡು ಸಾವಿರದ ಆರರ ಮಳೆಗಾಲದಲ್ಲಿ ಬಂದ ಕೆಲಸ ಮಹಾನಂದಾಳ ಊರಿನದೇ. ಇಳಕಲ್ಲಿನ ಒಂದು ನೇಕಾರರ ಸಂಘ. ಸಂಘ ಮನೆಮನೆಗೆ ನೂಲು, ರೇಶ್ಮೆ ಕೊಡುತ್ತಿತ್ತು. ನೇಯ್ದ ಸೀರೆಗಳನ್ನು ಕೊಂಡು ಮಾರುತ್ತಿತ್ತು. ಕೆಲವು ವರ್ಷಗಳಿಂದ ವ್ಯಾಪಾರ ಕುಂಟುತ್ತಿತ್ತು. ಅಷ್ಟರಲ್ಲಿ ಪುಣೆಯ ದೊಡ್ಡ ಸೀರೆ ಅಂಗಡಿಯೊಂದು ದೊಡ್ಡ ಆರ್ಡರ್ ಕೊಟ್ಟಿತು. ಕಾರ್ತಿಕದ ತುಳಸಿ ಲಗ್ನದೊಳಗೆ ಮಾಲು ಪೂರ್ತಿ ಮುಟ್ಟಬೇಕು. ಮುಟ್ಟಿದರೆ ವರ್ಷವರ್ಷವೂ ಆರ್ಡರ್, ತಪ್ಪಿದರೆ ಅಷ್ಟಕ್ಕೇ ಮುಗಿಯಿತು. ಸಂಘದವರೂ ಠರಾವು ಮಾಡಿದ್ದರು: ಈ ಆರ್ಡರ್ ತಪ್ಪಿದರೆ ಕೈಮಗ್ಗಕ್ಕೆ ನೂಲು ಕೊಡುವುದು ಬಂದ್, ಗೋದಾಮು ವಿದ್ಯುತ್ ಮಗ್ಗದವರಿಗೆ ಬಾಡಿಗೆಗೆ. ಸಂಘದ ನೂಲು ನಂಬಿದ ಮಗ್ಗಗಳಲ್ಲಿ ಚಂದ್ರವ್ವನದೂ ಒಂದು. ಹೀಗಾಗಿ ಮಹಾನಂದಾಳಿಗೆ ಇದು ಬರೇ ಗಿರಾಕಿಯ ಕೆಲಸವಾಗಿರಲಿಲ್ಲ. ಇದು ಅವ್ವನ ಅನ್ನದ ಮಾತು.

ಸಂಘದ ಸಭೆಯಲ್ಲಿ ಒಂದು ರೂಢಿ. ಚಹಾ ಆದ ಮೇಲೆ ಎಲೆ ಅಡಿಕೆಯ ತಟ್ಟೆ ಬರುತ್ತದೆ. ಮೊದಲು ಅಧ್ಯಕ್ಷರಿಗೆ, ಆಮೇಲೆ ಹಿರಿಯ ಮನೆತನಗಳಿಗೆ, ಆಮೇಲೆ ವಯಸ್ಸಿನಂತೆ. ಈ ಸರತಿ ತಪ್ಪಿತೆಂದು ಬೀಗತನ ಮುರಿದದ್ದುಂಟು, ಅಣ್ಣತಮ್ಮಂದಿರು ಮಾತು ಬಿಟ್ಟದ್ದುಂಟು. ಗಿರಾಕಿಗಳಿಂದ ಚೀಟಿ ಬರೆದುಕೊಂಡು ಮೇಲೆ ಕೆಳಗೆ ಹೊಂದಿಸುವ ಕೆಲಸ ಮಹಾನಂದಾಳದು. ಮೊದಲ ದಿನ ಅವಳು ಚೀಟಿಗಳನ್ನು ಸಂಘದ ಗೋಡೆಗೆ ಅಂಟಿಸಿದ್ದು ಆ ತಟ್ಟೆಯ ಸರತಿಯಲ್ಲೇ. ಯಾರೂ ಹಾಗೆ ಮಾಡೆಂದು ಹೇಳಿರಲಿಲ್ಲ. ಬೇರೆ ಸರತಿ ಇರಬಹುದೆಂದು ಅವಳಿಗೇ ಹೊಳೆಯಲಿಲ್ಲ.

ಅಧ್ಯಕ್ಷ ಯಮನೂರಪ್ಪನವರಿಗೆ ಕಂಪ್ಯೂಟರ್ ಚಾಲೂ ಆದ ಕೂಡಲೇ ಸಂಘದ ಹೆಸರು ಬಂಗಾರದ ಅಕ್ಷರದಲ್ಲಿ, ಸುತ್ತ ಸೀರೆಯ ದಡಿಯೊಂದಿಗೆ ಬರಬೇಕಿತ್ತು. ಬಂತು. ಅವರ ಪಕ್ಕದವರಿಗೆ ಎಲ್ಲ ಬಣ್ಣದ ಸೀರೆಗಳೂ ಪರದೆಯ ಮೇಲೆ ಕಾಣಬೇಕಿತ್ತು. ಕಂಡವು. ಅವರ ಪಕ್ಕದವರಿಗೆ ಸದಸ್ಯರೆಲ್ಲರ ಫೋಟೋ ಬೇಕಿತ್ತು. ಅದೂ ಆಯಿತು. ಪ್ರತಿ ಪಾಳಿಗೂ ಮಹಾನಂದಾ ಬರುವ ದಾರಿಯಲ್ಲಿ ಅಮೀನಗಡದಲ್ಲಿ ಇಳಿದು ಕರದಂಟು ಕಟ್ಟಿಸಿಕೊಂಡು ಬರುತ್ತಿದ್ದಳು. ಎಲ್ಲರೂ ಪರದೆ ನೋಡಿ, ಕರದಂಟು ತಿಂದು, "ಭೇಷ್, ನಮ್ಮ ಊರ ಮಗಳು" ಎನ್ನುತ್ತಿದ್ದರು. ಎರಡು ಪಾಳಿ ಹೀಗೆ ಹೋದವು. ಎರಡನೆಯ ಪಾಳಿಯ ಕೊನೆಗೆ ಯಮನೂರಪ್ಪ ಹೊಸ ಚೀಟಿ ಕೊಟ್ಟರು: ಪರದೆ ತೆರೆದಾಗ ಬನಶಂಕರಿ ದೇವಿಯ ಮುಂದೆ ದೀಪ ಉರಿಯಬೇಕು, ಜ್ಯೋತಿ ಅಲುಗಾಡಬೇಕು. ಮಹಾನಂದಾ ಅದನ್ನು ಎಲ್ಲಕ್ಕಿಂತ ಮೇಲೆ ಅಂಟಿಸಿದಳು.

ಆ ಮಧ್ಯಾಹ್ನ ಉಣ್ಣಲೆಂದು ಅವ್ವನ ಮನೆಗೆ ಹೋದಳು. ಓಣಿಗೆ ಕಾಲಿಟ್ಟಾಗಲೇ ಏನೋ ಕೊರತೆ ಅನ್ನಿಸಿತು. ಮನೆ ಹತ್ತಿರ ಬಂದ ಮೇಲೆ ತಿಳಿಯಿತು: ಮಗ್ಗದ ಸಪ್ಪಳವಿಲ್ಲ. ಚಂದ್ರವ್ವ ಹಗಲು ಹೊತ್ತಿನಲ್ಲಿ ಪಡಸಾಲೆಯಲ್ಲಿ ಕೂತು ಕೌದಿ ಹೊಲೆಯುತ್ತಿದ್ದಳು.

"ಯಾಕವ್ವಾ, ಆರಾಮಿಲ್ಲೇನು?"

"ಆರಾಮದೇನಿ. ನಿನಗ ಜುಣಕ ರೊಟ್ಟಿ ಹಾಕಲಿ?"

ಮಹಾನಂದಾ ಒಳಗೆ ಹೋಗಿ ನೋಡಿದಳು. ಮಗ್ಗದಲ್ಲಿ ಒಡಲಿನ ಹಾಸು ಬಿಗಿದಿತ್ತು. ಸೆರಗಿನ ಜಾಗ ಬೋಳಾಗಿತ್ತು.

ಇಳಕಲ್ ಸೀರೆಯ ವಿಶೇಷವೇ ಅದು. ಒಡಲಿನ ಹತ್ತಿಯ ಹಾಸು, ಅಂದರೆ ಉದ್ದನೆಯ ಎಳೆಗಳು, ಬೇರೆ; ಸೆರಗಿನ ಕೆಂಪು ರೇಶ್ಮೆಯ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸಿದ ಮೇಲೆಯೇ ಸೀರೆ. ಸಂಘದ ಗೋದಾಮಿನಲ್ಲಿ ಹತ್ತಿಯ ಕೋಣೆ ಒಬ್ಬನ ಕೈಯಲ್ಲಿ, ರೇಶ್ಮೆಯ ಕಪಾಟು ಇನ್ನೊಬ್ಬನ ಕೈಯಲ್ಲಿ. ಇಬ್ಬರೂ ತಮ್ಮ ತಮ್ಮ ಸರತಿಯಂತೆ ಕೊಡುತ್ತಿದ್ದರು. ಚಂದ್ರವ್ವನಿಗೆ ಒಡಲು ಬಂದು ಕೂತಿತ್ತು, ಸೆರಗು ಬಂದಿರಲಿಲ್ಲ. ಎದುರು ಮನೆಯ ಮೌಲಾಬಿಗೆ ಸೆರಗಿನ ರೇಶ್ಮೆ ಬಂದಿತ್ತು, ಒಡಲಿರಲಿಲ್ಲ. ಇಬ್ಬರ ಮಗ್ಗಗಳೂ ನಿಂತಿದ್ದವು. ಓಣಿಯಲ್ಲಿ ಸುಮಾರು ಅರ್ಧ ಮಗ್ಗಗಳ ಗತಿ ಅದೇ.

"ಸಂಘಕ್ಕ ಹೋಗಿ ಕೇಳಬಾರದೇನ ಬೇ?"

"ಕೇಳಿದಾಕಿಗೆ ಮುಂದಿನ ಸಲ ಎಲ್ಲಾರಕಿಂತ ಕಡೀಕ ಕೊಡ್ತಾರ. ಬಂದಾಗ ಬರ್ತೈತಿ. ನೀ ಎಲ್ಲೂ ನನ್ನ ಹೆಸರು ಎತ್ತಬ್ಯಾಡ ಮತ್ತ," ಎಂದು ಚಂದ್ರವ್ವ ಸೂಜಿಗೆ ದಾರ ಪೋಣಿಸಿದಳು.

ಮಹಾನಂದಾ ಅರ್ಧ ರೊಟ್ಟಿಗೇ ಎದ್ದಳು. ಅವಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ತನ್ನ ಮೇಲೆಯೇ ಸಿಟ್ಟು ಬಂತು. ಒಂದು ತಿಂಗಳು ಕಳೆದಿತ್ತು. ಪ್ರತಿ ಪಾಳಿಯೂ ಹೇಳಿದ ದಿನಕ್ಕೆ ಮುಗಿದಿತ್ತು. ಒಂದು ಸೀರೆಯೂ ಅದರಿಂದ ಬೇಗ ಇಳಿದಿರಲಿಲ್ಲ. ಮದುವೆ ಮನೆಯಲ್ಲಿ ಚಪ್ಪರ ಕಟ್ಟಿ, ಊಟ ಬಡಿಸಿ, ಮದುಮಗಳನ್ನೇ ಮರೆತ ಹಾಗಾಯಿತು ಇದು. ತುಳಸಿ ಲಗ್ನ ಮಾತ್ರ ಯಾರಿಗೂ ಕಾಯದೆ ಹತ್ತಿರ ಬರುತ್ತಿತ್ತು.

ಮರುದಿನ ನವನಗರದಲ್ಲಿ ಶಿರೀಷನಿಗೆ ಹೇಳಿದಳು. ಅವನು ಕನ್ನಡಕ ಒರೆಸುತ್ತ, "ಅಲ್ರಿ ಮಹಾನಂದಾ, ಗಿರಾಕಿ ಕೇಳಿದ್ದ ಮಾಡೀವಿ. ಅವರು ಖುಷಿ ಇದ್ದಾರ. ಮತ್ತೇನ ಬೇಕು?" ಎಂದ.

"ಗಿರಾಕಿ ಖುಷಿ ಇದ್ದಾರ್ರಿ ಸರ. ಮಗ್ಗ ನಿಂತಾವ."

ಶಿರೀಷ ಕನ್ನಡಕ ಹಾಕಿಕೊಂಡ. "ಅಧ್ಯಕ್ಷರ ಚೀಟಿ ಕೆಳಗ ಸರಸ್ತೀರೇನು? ಅದೂ ದೇವಿ ದೀಪ?"

"ಸರಸ್ತೇನಿ."

"ನನಗ ಧೈರ್ಯ ಇಲ್ಲ. ನೀವು ಸರಸೂದಾದ್ರ ನಾ ಹಿಂದ ನಿಂತಿರ್ತೇನಿ," ಎಂದ. ಪಾಪ, ಅಷ್ಟನ್ನಾದರೂ ನೆಟ್ಟಗೆ ಹೇಳಿದ.

ಸಂಘದಲ್ಲಿ ಮತ್ತೆ ಸಭೆ ಸೇರಿಸಿದರು. ಮಹಾನಂದಾ ಈ ಸಲ ಕರದಂಟು ತಂದಿರಲಿಲ್ಲ. ಗೋಡೆಯ ಮುಂದೆ ನಿಂತು ಹೇಳಿದಳು: "ಊರಾಗ ಮಗ್ಗ ನಿಂತಾವ್ರಿ. ಇನ್ನ ಒಂದೊಂದು ಚೀಟಿಗೂ ಒಂದ ಪ್ರಶ್ನೆ ಕೇಳತೇನ್ರಿ. ಈ ಕೆಲಸ ಆದ್ರ ತುಳಸಿ ಲಗ್ನದೊಳಗ ಪುಣೆಗೆ ಒಂದು ಸೀರಿ ಹೆಚ್ಚಿಗೆ ಮುಟ್ಟತೈತೇನು? ಹೌದು ಅಂದ್ರ ಮ್ಯಾಲ. ಇಲ್ಲಂದ್ರ ಕೆಳಗ, ಯಾರದ ಇರಲಿ." ಹೇಳಿ ದೀಪದ ಚೀಟಿಯನ್ನು ಕಿತ್ತು ಗೋಡೆಯ ಬುಡದಲ್ಲಿ ಅಂಟಿಸಿದಳು. ಅಂಟಿಸಲು ಬಗ್ಗಬೇಕಾಯಿತು. ಮೇಲೆ ಒಂದೇ ಹೊಸ ಚೀಟಿ ಹಚ್ಚಿದಳು: ಒಡಲು ಸೆರಗು ಜೋಡಿ ಇಲ್ಲದೆ ಗೋದಾಮಿನಿಂದ ಮಾಲು ಹೊರಗೆ ಹೋಗಬಾರದು.

ಎಲೆ ಅಡಿಕೆಯ ತಟ್ಟೆ ಬಾಗಿಲಲ್ಲೇ ನಿಂತಿತು. ಯಮನೂರಪ್ಪ ಕೆಟ್ಟ ಮನುಷ್ಯರಲ್ಲ. ಆದರೆ ಮಾನಕ್ಕೆ ಅಂಜುವವರು. ಮುಖ ಕೆಂಪಗೆ ಮಾಡಿಕೊಂಡು ಕೇಳಿದರು: "ದೇವೀನ ಕಾಲಬುಡಕ್ಕ ಹಾಕಿದೆಲ್ಲವಾ. ಮಗ್ಗ ನಿಂತಾವಂತ ನಿನಗ ಹೇಳಿದವರು ಯಾರು? ಹೆಸರು ಹೇಳು."

ಮಹಾನಂದಾಳಿಗೆ ಅವ್ವನ ಮಾತು ನೆನಪಾಯಿತು. ಬೇರೆ ಯಾರ ಹೆಸರು ಹೇಳಿದರೂ ಅವರ ನೂಲಿಗೆ ಕುತ್ತು. "ನಮ್ಮ ಮನಿ ಮಗ್ಗ ನಿಂತೈತ್ರಿ ಕಾಕಾ. ಯಾರೂ ಹೇಳಿಲ್ಲ, ನಾನ ನೋಡೇನಿ."

"ಚಂದ್ರವ್ವನ ಮಗಳಿಗೆ ಬಾಯಿ ಬಂದೈತಿ," ಎಂದರು ಯಮನೂರಪ್ಪ. "ಆತು. ಒಂದು ಪಾಳಿ ಕೊಟ್ಟೇನಿ. ಮಾಡಿ ತೋರಸು. ಆಗಲಿಲ್ಲಂದ್ರ ನಿಮ್ಮ ಕಂಪ್ಯೂಟರೂ ಬ್ಯಾಡ, ನಿಮ್ಮವ್ವಗ ಸಂಘದ ನೂಲೂ ಇಲ್ಲ."

ಸಂಜೆಯೊಳಗೆ ಈ ಮಾತು ಓಣಿಗೆ ಮುಟ್ಟಿತು. ಚಂದ್ರವ್ವ ಮಗಳನ್ನು ಬೈಯಲಿಲ್ಲ, ಅದೇ ಕೆಟ್ಟದ್ದು. ರೊಟ್ಟಿ ಬಡಿಯುತ್ತ ಬೆನ್ನು ತಿರುಗಿಸಿಯೇ ಹೇಳಿದಳು: "ಹೇಳಬ್ಯಾಡಂದಿದ್ನಿ. ಹೇಳಿದಿ. ಇನ್ನ ಮುಗಿಸು."

ಮುಗಿಸುವುದು ಅಷ್ಟು ಸುಲಭವಿರಲಿಲ್ಲ. ಹೊಸ ನಿಯಮ ಕಂಪ್ಯೂಟರಿಗೆ ಹಾಕಿದ ಎರಡು ಮೂರು ದಿನಕ್ಕೇ ಇನ್ನಷ್ಟು ಮಗ್ಗ ನಿಂತವು. ಕೆಂಪು ರೇಶ್ಮೆ ಕಪಾಟಿನಲ್ಲಿ ಇರಲೇ ಇಲ್ಲ. ಒಡಲಿಲ್ಲದ ಮನೆಗಳಲ್ಲಿ ಹೋಗಿ ಕೂತಿತ್ತು. ಜೋಡಿ ಇಲ್ಲದೆ ಕೊಡಬೇಡ ಎಂದರೆ ಯಾರಿಗೂ ಏನೂ ಕೊಡುವಂತಿಲ್ಲ. ಗೋದಾಮಿನವರು ಕೈ ಕಟ್ಟಿ ಕೂತು ನಕ್ಕರು. ಶಿರೀಷ ಫೋನಿನಲ್ಲಿ, "ವಾಪಸ್ ತಗಿಯೋಣೇನು?" ಎಂದ.

"ಯಾಕ ತಗೀಬೇಕ್ರಿ? ತಪ್ಪು ಲಗೂ ಗೊತ್ತಾತು. ಅದಕ್ಕಲ್ಲೇನ್ರಿ ಈ ಸಣ್ಣ ಸಣ್ಣ ಪಾಳಿ?" ಎಂದಳು. ಪಾಳಿ ಮುಗಿಯುವ ತನಕ ಕಾಯದೆ ಚೀಟಿ ಬದಲಿಸಿದಳು. ಈಗ ಬೇಕಾದದ್ದು ಒಂದೇ ಪುಟ: ಯಾವ ಮನೆಯಲ್ಲಿ ಒಡಲು ಕಾಯುತ್ತಿದೆ, ಯಾವ ಮನೆಯಲ್ಲಿ ಸೆರಗು ಕಾಯುತ್ತಿದೆ, ಯಾವುದಕ್ಕೆ ಯಾವುದು ಹತ್ತಿರ. ಬಣ್ಣವಿಲ್ಲ, ಚಿತ್ರವಿಲ್ಲ. ಅವಳೂ ಶಿರೀಷನೂ ಕೂತು ಅದನ್ನು ಮುಗಿಸಿದರು. ಪುಟದ ಮೊದಲ ಸಾಲಿನಲ್ಲೇ ಬಂತು: ಒಡಲು ಚಂದ್ರವ್ವನಲ್ಲಿ, ಸೆರಗು ಮೌಲಾಬಿಯಲ್ಲಿ, ಎದುರು ಬದುರು ಮನೆ.

ಆದರೆ ಓಣಿಗೆ ಅದರದೇ ಕಟ್ಟಳೆ. ಒಂದು ಮಗ್ಗಕ್ಕೆಂದು ಬಂದ ನೂಲು ಹೊಸ್ತಿಲು ದಾಟಿ ಇನ್ನೊಂದು ಮನೆಗೆ ಹೋಗಬಾರದು. ಕೆಲಸ ಸರಿಯಿಲ್ಲವೆಂದು ನೂಲು ಕೊಟ್ಟವರು ಮಗ್ಗ ಬಿಡಿಸುವಾಗ, ಅಂದರೆ ಕೆಲಸ ಕಿತ್ತುಕೊಳ್ಳುವಾಗ, ಮಾತ್ರ ನೂಲು ಮನೆಯಿಂದ ಹೊರಗೆ ಹೊರಡುತ್ತದೆ. ನೋಡಿದವರು ಅಯ್ಯೋ ಎನ್ನುತ್ತಾರೆ. ಕಂಪ್ಯೂಟರ್ ಏನೋ ಕೊಡು ಎನ್ನುತ್ತದೆ, ಕೊಡುವವರು ಯಾರು?

ಮಹಾನಂದಾ ಮೌಲಾಬಿಯ ಕಟ್ಟೆಯ ಮೇಲೆ ಹೋಗಿ ಕೂತಳು. ಸುತ್ತು ಬಳಸದೆ ಕೇಳಿದಳು: "ಖಾಲಾ, ನಿನ್ನ ರೇಶ್ಮಿ ನಮ್ಮವ್ವಗ ಕೊಡು. ಆಕಿ ಮಗ್ಗ ಇವತ್ತ ನಡೀತೈತಿ. ನಿಂದು ಇನ್ನೂ ಸ್ವಲ್ಪ ದಿನ ನಿಲ್ಲತೈತಿ. ಮುಂದಿನ ಜೋಡಿ ಬಂದ ಕೂಡಲೆ ಮೊದಲ ನಿನಗ."

ಮೌಲಾಬಿ ಒಳಗಿನ ತನ್ನ ಮಗ್ಗದ ಕಡೆ ತಿರುಗಿ ನೋಡಿದಳು. ಅವಳೂ ಮಗ್ಗ ನಂಬಿದವಳೇ. "ಮೊದಲ ನನಗ ಅಂತ ಯಾರ ಹೇಳ್ತಾರ? ಸಂಘದವರೇನ?"

"ನಾ ಹೇಳತೇನಿ."

"ನೀ ಹೇಳಿದ್ರ ಆತು," ಎಂದು ಮೌಲಾಬಿ ಎದ್ದಳು. ಮಹಾನಂದಾ ರೇಶ್ಮೆ ಇಸಿದುಕೊಳ್ಳಲು ಕೈ ಚಾಚಿದರೆ ಕೊಡಲಿಲ್ಲ. "ನೀ ಒಯ್ದ್ರ ಕಸಗೊಂಡ ಒಯ್ದ್ರು ಅಂತಾರ. ನಾನ ಒಯ್ತೇನಿ. ಎಲ್ಲಾರೂ ನೋಡಲಿ."

ತಲೆಯ ಮೇಲೆ ಸೆರಗು ಸರಿಪಡಿಸಿಕೊಂಡು, ಕೆಂಪು ರೇಶ್ಮೆಯನ್ನು ಎರಡೂ ಕೈಯಲ್ಲಿ ಎದೆಯ ಮಟ್ಟಕ್ಕೆ ಹಿಡಿದು, ಮಟಮಟ ಮಧ್ಯಾಹ್ನ ಓಣಿ ದಾಟಿದಳು. ಕಟ್ಟೆಕಟ್ಟೆಯಲ್ಲಿ ಹೆಂಗಸರು ಎದ್ದು ನಿಂತರು. ಅದೇ ಹೊತ್ತಿಗೆ ಗೋದಾಮಿನವರ ದೂರು ಕೇಳಿ ಸಿಟ್ಟಿಗೆದ್ದ ಯಮನೂರಪ್ಪ ಚಂದ್ರವ್ವನ ಮನೆಗೇ ಬರುತ್ತಿದ್ದರು. ಓಣಿಯ ನಡುವೆ ಮೌಲಾಬಿ ಎದುರಾದಳು.

"ಯಾರ ಬಿಡಿಸಿದ್ರು ನಿನ್ನ ಮಗ್ಗ?" ಎಂದರು ಅವರು, ಗಾಬರಿಯಿಂದಲೇ.

"ಯಾರೂ ಬಿಡಿಸಿಲ್ರಿ. ಚಂದ್ರಕ್ಕನ ಕಡೆ ಒಡಲೈತಿ, ನನ್ನ ಕಡೆ ಸೆರಗೈತಿ. ಎಲ್ಲಾರೂ ಪಲ್ಲಕ್ಕಿ ಏರಿದ್ರ ಹೊರಾವ್ರು ಯಾರ್ರಿ? ಈ ಸಲ ನಾ ಹೊರತೇನಿ," ಎಂದು ಅವರನ್ನು ದಾಟಿ ಒಳಗೆ ಹೋದಳು.

ಯಮನೂರಪ್ಪ ಅಲ್ಲೇ ನಿಂತರು. ಒಳಗೆ ಇಬ್ಬರು ಹೆಂಗಸರೂ ಮಹಾನಂದಾಳೂ ಕೂತು ಎಳೆಗೆ ಎಳೆ ಕೊಂಡಿ ಹಾಕತೊಡಗಿದ್ದರು. ಒಂದು ಮಗ್ಗದ ಸಲುವಾಗಿ ತನ್ನ ಸರತಿ ಬಿಟ್ಟವಳು ಮೌಲಾಬಿ. ಸಂಘದ ಸಭೆಯ ಬಾಗಿಲನ್ನೂ ಅವಳು ಕಂಡವಳಲ್ಲ. ಒಂದು ದೀಪದ ಸಲುವಾಗಿ ತಾವು ಆಡಿದ್ದೇನು ಎಂದು ಅವರಿಗೆ ಅನ್ನಿಸಿರಬೇಕು. ಅವರು ಬಾಯಿ ಬಿಟ್ಟು ಹೇಳಿದವರಲ್ಲ. ಬೈಯಲು ಬಂದವರು ಬೈಯದೆ ಹೋದರು. ಸಂಜೆಯ ಹೊತ್ತಿಗೆ ಚಂದ್ರವ್ವನ ಮಗ್ಗದ ಸಪ್ಪಳ ಓಣಿಯ ತುದಿಯವರೆಗೆ ಕೇಳಿಸಿತು.

ಮರುದಿನ ಬೆಳಿಗ್ಗೆ ಮಹಾನಂದಾ ಸಂಘಕ್ಕೆ ಹೋದಾಗ ಕಂಪ್ಯೂಟರಿನ ಮುಂದೆ ಯಮನೂರಪ್ಪನವರೇ ಕುರ್ಚಿ ಎಳೆದುಕೊಂಡು ಕೂತಿದ್ದರು. "ಓದವಾ. ಇನ್ನ ಯಾವ ಯಾವ ಮನಿ?" ಎಂದರು. ಅವಳು ಓದಿದಳು. ಅವರು ಒಂದೊಂದು ಮನೆಗೂ ತಾವೇ ನಡೆದು ಹೋದರು. ಅಧ್ಯಕ್ಷರೇ ಬಂದು ಕೇಳಿದ ಮೇಲೆ ನೂಲು ಹೊಸ್ತಿಲು ದಾಟುವುದರಲ್ಲಿ ಯಾರಿಗೂ ಅವಮಾನ ಉಳಿಯಲಿಲ್ಲ. ಹೊಸ ರೇಶ್ಮೆ ಬಂದ ದಿನ ಮೊದಲ ಜೋಡಿ ಹೋದದ್ದು ಮೌಲಾಬಿಯ ಮನೆಗೆ, ಹೊತ್ತುಕೊಂಡು ಹೋದವಳು ಮಹಾನಂದಾ.

ಆಮೇಲಿನ ಪಾಳಿಗಳಲ್ಲಿ ಪ್ರತಿ ಚೀಟಿಯೂ ಅದೇ ಪ್ರಶ್ನೆಗೆ ಉತ್ತರ ಹೇಳಿಯೇ ಮೇಲೆ ಹತ್ತಬೇಕಾಯಿತು. ಕೆಲವರು ಮುನಿಸಿಕೊಂಡರು, ಒಬ್ಬರು ಎರಡು ಸಭೆಗೆ ಬರಲೇ ಇಲ್ಲ. ತುಳಸಿ ಲಗ್ನಕ್ಕೆ ಮೊದಲು ಪುಣೆಗೆ ಮಾಲು ಹೊರಟಿತು. ಕಟ್ಟಕಡೆಯ ಗಂಟು ಲಾರಿ ತಪ್ಪಿಸಿಕೊಂಡು ಮರುದಿನದ ಬಸ್ಸಿನ ಟಾಪಿನ ಮೇಲೆ ಹೋಯಿತು, ಆದರೂ ಹೊತ್ತಿಗೆ ಮುಟ್ಟಿತು. ಗೋದಾಮು ಬಾಡಿಗೆಗೆ ಹೋಗಲಿಲ್ಲ. ಮರುವರ್ಷವೂ ಆರ್ಡರ್ ಬಂತು.

ಸಂಘದ ಗೋಡೆಯ ಮೇಲೆ ಚೀಟಿಗಳು ಬಂದವು, ಹೋದವು. ದೀಪದ ಚೀಟಿ ಮಾತ್ರ ಬುಡದಲ್ಲೇ ಇತ್ತು, ಹಳದಿಗಟ್ಟಿ ಅಂಚು ಮುದುರಿತ್ತು. ಹೊಸಬರು ಬಂದು ಇದೇನೆಂದು ಕೇಳಿದರೆ ಯಮನೂರಪ್ಪ, "ಅದು ನಂದ್ರಿ. ಇನ್ನೂ ಸರತಿ ಬಂದಿಲ್ಲ," ಎನ್ನುತ್ತಿದ್ದರು.

ಎರಡು ಸಾವಿರದ ಒಂಬತ್ತರಲ್ಲಿ ಒಂದು ದಿನ ಕೆಲಸ ಬೇಗ ಮುಗಿದಿತ್ತು. ಮಹಾನಂದಾಳಿಗೆ ಹಿರಿಯರ ಮೇಲೆ ಕನಿಕರ ಬಂತು. "ಕಾಕಾ, ಭಾಳ ಹೊತ್ತಿನ ಕೆಲಸ ಅಲ್ರಿ ಅದು. ಇವತ್ತ ಮಾಡಿಬಿಡ್ಲೇನು?"

ಯಮನೂರಪ್ಪ ಚೀಟಿಯನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು. "ಅದನ ಮಾಡಿದ್ರ ಒಂದು ಮಗ್ಗರೆ ನಡೀತೈತೇನು?"

"ಇಲ್ರಿ."

"ಹಂಗಾರ ಇರಲಿ ಬಿಡು, ತಂಗಿ. ದೇವಿಗೆ ಮನ್ಯಾಗ ದಿನಾ ನಾನ ದೀಪ ಹಚ್ಚತೇನಿ," ಎಂದು ತಮ್ಮ ಮುಂದಿದ್ದ ಎಲೆ ಅಡಿಕೆಯ ತಟ್ಟೆಯನ್ನು ಮೊದಲು ಅವಳ ಕಡೆ ಸರಿಸಿದರು.